ಫೋನ್ ಬಿಡಲಿಲ್ಲ, ಅದರ ಕೆಲಸ ಕಿತ್ತುಕೊಂಡೆ

ಸಿಎ ಫೈನಲ್‌ಗೆ ಓದುವವರಿಗೆ ಎಲ್ಲರೂ ಕೊಡುವ ಪುಕ್ಕಟೆ ಸಲಹೆ, "ಫೋನ್ ಎತ್ತಿಟ್ಟುಬಿಡು." ಎತ್ತಿಟ್ಟರೆ ಕ್ಲಾಸ್ ಎಲ್ಲಿ ನೋಡೋದು? ರೆಕಾರ್ಡ್ ಮಾಡಿದ ಕ್ಲಾಸು ಅದರಲ್ಲೇ, ನೋಟ್ಸ್ ಟೆಲಿಗ್ರಾಮ್‌ನಲ್ಲೇ, ಜಿಎಸ್‌ಟಿ ತಿದ್ದುಪಡಿ ಬಂದದ್ದು ಗೊತ್ತಾಗುವುದೂ ಅಲ್ಲೇ. ಸ್ಟಡಿ ಲೀವ್ ಹಾಕಿದ ಮೇಲೂ ಆಫೀಸ್ ಗ್ರೂಪಿನಲ್ಲಿ "ಆ ಫೈಲ್ ಎಲ್ಲಿಟ್ಟಿದ್ದೀಯಾ?" ಅನ್ನುವುದು ತಪ್ಪುವುದಿಲ್ಲ. ಉತ್ತರ ಕೊಡೋಣ ಅಂತ ಕೈಗೆತ್ತಿಕೊಂಡರೆ ಮುಗೀತು, ಮುಕ್ಕಾಲು ಗಂಟೆ ರೀಲ್ಸ್.

ಆ್ಯಪ್‌ಗಳಿಗೆ ಟೈಮರ್ ಹಾಕಿ ನೋಡಿದೆ. ಹಾಕಿದವರೂ ನಾವೇ, ತೆಗೆಯುವವರೂ ನಾವೇ ಅಲ್ವಾ? ಸ್ಕ್ರೀನನ್ನು ಕಪ್ಪು-ಬಿಳುಪು ಮಾಡಿದ್ದು ಸ್ವಲ್ಪ ಕೆಲಸ ಮಾಡಿತು, ಇನ್‌ಸ್ಟಾಗ್ರಾಮ್ ಸಪ್ಪೆಯಾಯಿತು. ಆದರೆ ಕೈ ಮಾತ್ರ ಫೋನಿನ ಕಡೆ ಹೋಗುತ್ತಲೇ ಇತ್ತು. ಕೊನೆಗೆ ಒಂದು ಹಾಳೆ ತೆಗೆದುಕೊಂಡು, ಫೋನ್ ನನಗೆ ಏನೇನು ಕೆಲಸ ಮಾಡಿಕೊಡುತ್ತಿದೆ ಅಂತ ಬರೆದೆ. ಒಂದೊಂದನ್ನೇ ಬೇರೆಯದಕ್ಕೆ ವಹಿಸಿದೆ.

ಅಲಾರಂಗೆ ಹಾಸಿಗೆಯಿಂದ ದೂರ ಇಡುವ ಗಡಿಯಾರ. ಕ್ಲಾಸುಗಳು ಅಕ್ಕನ ಹಳೇ ಲ್ಯಾಪ್‌ಟಾಪಿಗೆ ಹೋದವು, ಡೌನ್‌ಲೋಡ್ ಮಾಡಿ ವೈಫೈ ಆಫ್. ಸಿಎ ಇನ್‌ಸ್ಟಿಟ್ಯೂಟ್‌ನ ಆರ್‌ಟಿಪಿ, ಎಂಟಿಪಿಗಳನ್ನು (ಪುನರಾವರ್ತನೆಯ ಮತ್ತು ಅಣಕು ಪರೀಕ್ಷೆಯ ಪ್ರಶ್ನೆಪತ್ರಿಕೆಗಳು) ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸಿದೆ. ದುಡ್ಡು ಸ್ವಲ್ಪ ಜಾಸ್ತಿಯೇ ಆಯಿತು.

ಎಲ್ಲಕ್ಕಿಂತ ಲಾಭ ಕೊಟ್ಟಿದ್ದು ಕ್ಯಾಲ್ಕುಲೇಟರ್. ಪರೀಕ್ಷೆಗೆ ಬಿಡುವುದು 12 ಅಂಕಿವರೆಗಿನ, ಸದ್ದು ಮಾಡದ ಸಾಧಾರಣ ಯಂತ್ರವನ್ನು ಮಾತ್ರ. ಮನೆಯಲ್ಲಿ ಫೋನಿನಲ್ಲಿ ಲೆಕ್ಕ ಮಾಡಿ ಅಭ್ಯಾಸವಾದರೆ ಅಲ್ಲಿ ಬೆರಳು ತಡವರಿಸುತ್ತದೆ. ಕ್ಯಾಸಿಯೋದಲ್ಲಿ 1.12 ಒತ್ತಿ, ಭಾಗಾಕಾರದ ಕೀಲಿ ಎರಡು ಸಲ, ಆಮೇಲೆ 1, ಆಮೇಲೆ = ಒತ್ತುತ್ತಾ ಹೋಗಿ. 0.8929, 0.7972, 0.7118 ಅಂತ ಶೇ. 12ರ ಡಿಸ್ಕೌಂಟ್ ಫ್ಯಾಕ್ಟರ್‌ಗಳು (ಮುಂದೆ ಬರುವ ಒಂದು ರೂಪಾಯಿಯ ಇಂದಿನ ಬೆಲೆ) ವರ್ಷದ ಪ್ರಕಾರ ಸಾಲಾಗಿ ಬರುತ್ತವೆ. ಎಎಫ್‌ಎಂ, ಅಂದರೆ ಹಣಕಾಸು ನಿರ್ವಹಣೆಯ ಪೇಪರಿನಲ್ಲಿ ಇದರಿಂದ ಎಷ್ಟು ಸಮಯ ಉಳಿಯುತ್ತದೆ ಅಂತ ಬರೆದವರಿಗೇ ಗೊತ್ತು.

ಬೆಂಗಳೂರಿನಲ್ಲಿ ನಿಜವಾಗಿ ಕಷ್ಟವಾಗಿದ್ದು ದುಡ್ಡಿನ ವಿಷಯ. ಟೀ ಅಂಗಡಿಯಿಂದ ಸೊಪ್ಪಿನ ಗಾಡಿವರೆಗೂ ಕ್ಯೂಆರ್ ಕೋಡ್. ಹತ್ತು, ಇಪ್ಪತ್ತರ ನೋಟು ಜೇಬಿಗೆ ತುಂಬಿಕೊಂಡು ಹೊರಟೆ. ಮೊದಲ ವಾರ ಟೀ ಅಂಗಡಿಯಣ್ಣ, "ಚಿಲ್ಲರೆ ಇಲ್ಲ ಗುರು, ಸ್ಕ್ಯಾನ್ ಮಾಡ್ಬಿಡಿ" ಅಂದರು. ಫೋನ್ ತಂದಿಲ್ಲ ಅಂದಾಗ ನನ್ನನ್ನು ನೋಡಿದ ರೀತಿ ಇದೆಯಲ್ಲ! ಆಮೇಲೆ ಒಂದು ಪುಟ್ಟ ಲೆಕ್ಕದ ಪುಸ್ತಕ ಇಟ್ಟು ಶನಿವಾರ ಚುಕ್ತಾ ಮಾಡುವ ವ್ಯವಸ್ಥೆಯಾಯಿತು. ಮೆಟ್ರೋಗೆ ಸ್ಮಾರ್ಟ್ ಕಾರ್ಡ್ ಮಾಡಿಸಿದೆ. ಟಿಕೆಟ್‌ಗೆ ಅಂತ ಫೋನ್ ತೆಗೆದರೆ ಮಾಗಡಿ ರೋಡ್ ಸ್ಟೇಷನ್ ಬರುವಷ್ಟರಲ್ಲಿ ಬೇರೇನೋ ನೋಡುತ್ತಿರುತ್ತೇವೆ.

ಓದುವುದಕ್ಕೆ ವಿಜಯನಗರದ ಒಂದು ರೀಡಿಂಗ್ ರೂಮ್ ಹಿಡಿದೆ. ಅಲ್ಲಿ ಬಹುತೇಕ ಕೆಎಎಸ್, ಪಿಎಸ್‌ಐ ಅಂತ ಊರುಗಳಿಂದ ಬಂದು ಓದುವ ಹುಡುಗರು. ಪಕ್ಕದವನು ಮೂರು ಗಂಟೆ ತಲೆ ಎತ್ತದಿದ್ದರೆ ನಮಗೂ ಏಳಲು ನಾಚಿಕೆ. ಕೊನೆಯದೊಂದನ್ನು ಬಿಟ್ಟರೆ ಫೈನಲ್ ಪೇಪರ್‌ಗಳು ಮಧ್ಯಾಹ್ನ 2ಕ್ಕೆ ಶುರುವಾಗಿ 5ಕ್ಕೆ ಮುಗಿಯುತ್ತವೆ. ಊಟವಾದ ಮೇಲೆ ಕಣ್ಣು ಎಳೆಯುವ, ಸುಮ್ನೆ ಫೋನ್ ಉಜ್ಜುವ ಹೊತ್ತು ಅದೇ. ಹಾಗಾಗಿ 2ರಿಂದ 5ರವರೆಗೆ ಪೆನ್ನು ಹಿಡಿದು ಹಳೇ ಪ್ರಶ್ನೆಪತ್ರಿಕೆ ಬರೆಯುವುದು ಅಂತ ನಿಯಮ ಮಾಡಿಕೊಂಡೆ. ಈ ಪೇಪರ್‌ಗಳಲ್ಲಿ 100 ಅಂಕದಲ್ಲಿ 30 ಅಂಕ ಉದ್ದುದ್ದದ ಕೇಸ್ ಸಿನಾರಿಯೋ (ಸನ್ನಿವೇಶದ ವಿವರಣೆ) ಓದಿ ಉತ್ತರಿಸುವ ಎಂಸಿಕ್ಯೂ, ಅಂದರೆ ಬಹು ಆಯ್ಕೆಯ ಪ್ರಶ್ನೆಗಳಿಗೆ. ರೀಲ್ಸ್‌ಗೆ ಒಗ್ಗಿದ ಮನಸ್ಸು ಎರಡನೇ ಪ್ಯಾರಾದಲ್ಲೇ ಜಾರುತ್ತದೆ. ಮೊದಮೊದಲು ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ತಿಂಗಳಾದ ಮೇಲೆ ಸರಿಹೋಯಿತು.

ಫೋನ್ ಮನೆಯಲ್ಲಿ, ಅಕ್ಕನ ಬೀರುವಿನಲ್ಲಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕೈಗೆ. ಆಫೀಸಿನವರಿಗೆ ಮೊದಲೇ ಹೇಳಿಬಿಟ್ಟಿದ್ದೆ: "ಸರ್, ಅರ್ಜೆಂಟ್ ಇದ್ರೆ ಅಕ್ಕನ ನಂಬರಿಗೆ ಫೋನ್ ಮಾಡಿ." ಯಾರೂ ಮಾಡಲಿಲ್ಲ. ಅಷ್ಟೊಂದು ಅರ್ಜೆಂಟ್ ಯಾವುದೂ ಇರಲಿಲ್ಲ ಅನ್ನಿ.

ಪರೀಕ್ಷೆ ನಡೆಯುವ ದಿನಗಳಲ್ಲಿ ಆ ಅರ್ಧ ಗಂಟೆಯನ್ನೂ ತೆಗೆದೆ. ಪೇಪರ್‌ಗಳ ನಡುವೆ ಬಿಡುವು ಇರುತ್ತದೆ, ಅಪಾಯ ಇರುವುದೇ ಅಲ್ಲಿ. ಮೊದಲ ಪೇಪರ್ ಮುಗಿಸಿ ಬಂದ ಸಂಜೆ ಟೆಲಿಗ್ರಾಮ್‌ನಲ್ಲಿ ಉತ್ತರಗಳ ಜಗಳ ಶುರುವಾಗಿರುತ್ತದೆ. ಪಾಸಾಗಲು ಒಂದೊಂದು ಪೇಪರಿನಲ್ಲಿ ಕನಿಷ್ಠ 40, ಗ್ರೂಪಿನ (ಒಟ್ಟಿಗೆ ಬರೆಯುವ ಪೇಪರ್‌ಗಳ ಗುಂಪು) ಒಟ್ಟು ಅಂಕದಲ್ಲಿ ಅರ್ಧ ಬರಬೇಕು. ಎರಡು ಎಂಸಿಕ್ಯೂ ತಪ್ಪಾಯಿತು ಅಂತ ಗೊತ್ತಾದರೆ ಮುಂದಿನ ಪೇಪರ್ ಕೈಬಿಟ್ಟಂತೆಯೇ. "ನಾನು ಕಾಲಿಗೆ ಬಿದ್ದು ಕೇಳಿದ್ರೂ ಕೊಡಬೇಡ ಕಣೇ ಅಕ್ಕ" ಅಂದಿದ್ದೆ. ಕೇಳಿದೆ. ಅವಳು, "ಸುಮ್ನೆ ಹೋಗಿ ಆಡಿಟ್ ಓದು" ಅಂತ ಬಾಗಿಲು ಹಾಕಿಕೊಂಡಳು.