ಗ್ರೈಂಡರ್ ಜೊತೆ ಬದುಕುವುದು: ನಮ್ಮ ಫ್ಯಾಬ್ರಿಕೇಶನ್ ಶೆಡ್ಡಿನ ಅನುಭವ

ನಮ್ಮದು ಶಿವಮೊಗ್ಗದಲ್ಲಿ ಒಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್. ಗೇಟು, ಕಿಟಕಿ ಗ್ರಿಲ್, ಮೆಟ್ಟಿಲಿಗೆ ರೇಲಿಂಗ್, ಅಡಿಕೆ ಒಣಗಿಸುವ ಅಂಗಳಕ್ಕೆ ಶೀಟಿನ ಮಾಡು, ಇಂಥ ಕೆಲಸ. ಅರ್ಧ ಕೆಲಸ ಶೆಡ್ಡಿನಲ್ಲೇ ಆಗುತ್ತದೆ. ಇನ್ನರ್ಧ ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳಲ್ಲಿ. ಹೊಸದಾಗಿ ಸೇರಿದ ಹುಡುಗನಿಗೆ ವೆಲ್ಡಿಂಗ್ ಬೆಳಕು ಕಂಡರೆ ಭಯ. ಕಬ್ಬಿಣ ಕತ್ತರಿಸಲು, ಉಜ್ಜಲು ಕೈಯಲ್ಲಿ ಹಿಡಿಯುವ, ಬಿಲ್ಲೆಯಂಥ ವೀಲ್ ತಿರುಗುವ ಗ್ರೈಂಡರ್ ಕಂಡರೆ ಮಾತ್ರ ಭಯವೇ ಇಲ್ಲ. ಆದರೆ ನಾನು ಕಂಡ ಅಂಗಡಿಗಳಲ್ಲೆಲ್ಲ ಕೈಗೆ, ಕಣ್ಣಿಗೆ ಜಾಸ್ತಿ ಪೆಟ್ಟು ಕೊಟ್ಟಿರುವುದು ಈ ಗ್ರೈಂಡರೇ.

"ಕನ್ನಡಕ ಹಾಕ್ಕೊಳ್ರೋ" ಅಂತ ದಿನಾ ಕೂಗುವುದರಿಂದ ಏನೂ ಆಗುವುದಿಲ್ಲ. ಕೂಗಿದ ಹೊತ್ತಿಗೆ ಹಾಕುತ್ತಾರೆ, ಆ ಕಡೆ ತಿರುಗಿದರೆ ತೆಗೆಯುತ್ತಾರೆ. ಹುಡುಗರು ಕೆಟ್ಟವರಲ್ಲ. ಕೆಲಸ ಬೇಗ ಮುಗಿಸಬೇಕು ಎನ್ನುವ ಅವಸರ ಅವರದು, ಅದು ನನ್ನ ಅವಸರವೂ ಹೌದು. ಹಾಗಾಗಿ ಜೋಪಾನವಾಗಿ ಮಾಡುವ ದಾರಿಯೇ ಬೇಗ ಮುಗಿಯುವ ದಾರಿಯೂ ಆಗಬೇಕು ಅಂತ ಹಟ ಹಿಡಿದೆ. ಯಾವ ಸಾಮಾನು ಎಲ್ಲಿ ಇರಬೇಕು, ಯಾವುದನ್ನು ಕೊಳ್ಳಬೇಕು, ಯಾವುದನ್ನು ಒಳಗೇ ಬಿಡಬಾರದು ಎಂದು ಒಂದೊಂದಾಗಿ ಬದಲಾಯಿಸುತ್ತಾ ಬಂದೆವು.

ಮೊದಲು ವೇಗದ ಲೆಕ್ಕ. ನಾವು ಏಜಿ ಫೋರ್ ಅನ್ನುವ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ವೀಲಿನ ಅಂಚು ಸೆಕೆಂಡಿಗೆ 57 ಮೀಟರಿಗಿಂತ ಜಾಸ್ತಿ ಓಡುತ್ತಿರುತ್ತದೆ. ಅಂದರೆ ಗಂಟೆಗೆ 200 ಕಿಲೋಮೀಟರ್ ಮೇಲೆ. ವೀಲ್ ಒಡೆದರೆ ಚೂರು ಹಾರುವುದೂ ಆ ವೇಗದಲ್ಲೇ. ಈ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಗೋಡೆ ಮೇಲೆ ಬರೆದು ತೋರಿಸಿದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗನಿಗೂ ಅರ್ಥವಾಯಿತು. "ಹಂಗಾದ್ರೆ ನೋಡಿ ತಪ್ಪಿಸ್ಕೊಳ್ಳೋಕೆ ಆಗಲ್ಲ ಅಲ್ವಾ ಅಣ್ಣಾ?" ಅಂದ. ಆಗುವುದಿಲ್ಲ. ಅದಕ್ಕೇ ವೀಲಿನ ಅರ್ಧ ಭಾಗ ಮುಚ್ಚುವ ಲೋಹದ ಕವಚ, ಅಂದರೆ ಗಾರ್ಡ್ ಇರುವುದು.

ಗಾರ್ಡ್ ಬಿಚ್ಚಿದ ಗ್ರೈಂಡರ್ ನಮ್ಮ ಊರಿನ ಯಾವ ಬೀದಿಯಲ್ಲಾದರೂ ಸಿಗುತ್ತದೆ. ಯಾಕೆ ಬಿಚ್ಚುತ್ತಾರೆ ಎಂದು ಕೇಳಿದೆ. ಮೂಲೆಗೆ ವೀಲ್ ಹೋಗುವುದಿಲ್ಲ ಅಂತ ಒಬ್ಬ ಹೇಳಿದ. ಇನ್ನೊಬ್ಬನದು ವೀಲ್ ಬೇಗ ಸವೆಯುತ್ತದೆ, ಅದಕ್ಕೆ 5 ಇಂಚಿನದು ಹಾಕುತ್ತೇವೆ ಎನ್ನುವ ಉತ್ತರ. ಎರಡೂ ಸುಳ್ಳಲ್ಲ. ಆದ್ದರಿಂದ ಬೈಯುವುದರಲ್ಲಿ ಅರ್ಥವಿಲ್ಲ. ಮೊದಲನೆಯದಕ್ಕೆ, ಸ್ಕ್ರೂ ಬಿಚ್ಚದೆ ಲಿವರ್ ಒತ್ತಿ ಗಾರ್ಡ್ ತಿರುಗಿಸುವ ಮಷೀನ್ ತಂದೆವು. ಬೇಕಾದ ಕಡೆಗೆ ಗಾರ್ಡನ್ನು ಕ್ಷಣದಲ್ಲಿ ತಿರುಗಿಸಬಹುದು ಎಂದಾಗ ಬಿಚ್ಚುವ ಮಾತು ತಾನಾಗಿ ನಿಂತಿತು. ಎರಡನೆಯದಕ್ಕೆ 5 ಇಂಚಿನ ಮಷೀನನ್ನೇ ಕೊಂಡೆವು. 4 ಇಂಚಿನ ವೀಲಿನ ತೂತು 16 ಮಿಲಿಮೀಟರ್, 5 ಇಂಚಿನದು 22.23. ದೊಡ್ಡ ತೂತನ್ನು ತುಂಬುವ ಬುಷ್ (ಉಂಗುರ) ಹಾಕಿ ಚಿಕ್ಕ ಮಷೀನಿಗೆ ಕೂರಿಸಿದರೆ ವೀಲ್ ನಡುವಿಗೆ ಸರಿಯಾಗಿ ಕೂರುವುದಿಲ್ಲ, ಅದುರುತ್ತದೆ. 5 ಇಂಚಿನ ವೀಲ್ 12,200 ಸುತ್ತು ತಡೆಯುತ್ತದೆ, ನಮ್ಮ ಮಷೀನ್ 11,000, ಏನೂ ಆಗಲ್ಲ ಎನ್ನುವವರಿದ್ದಾರೆ. ಲೆಕ್ಕ ಸರಿ. ಆದರೆ ಆ ವೀಲ್ ಹಾಕಬೇಕಾದರೆ ಗಾರ್ಡ್ ತೆಗೆಯಲೇಬೇಕು, ತೊಂದರೆ ಅಲ್ಲೇ. 7 ಇಂಚಿನ ಮಷೀನಿನ ಸವೆದ ವೀಲನ್ನು ಚಿಕ್ಕದಕ್ಕೆ ಹಾಕುವುದಂತೂ ಇನ್ನೂ ಕೆಟ್ಟದ್ದು. ಅದರ ಮಿತಿ ಸುಮಾರು 8,500 ಸುತ್ತು ಮಾತ್ರ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರಿಗೆ ಹಾಕುವವರನ್ನೂ ನೋಡಿದ್ದೇನೆ. ಅದು ನಮ್ಮ ಶೆಡ್ಡಿನ ಬಾಗಿಲು ದಾಟುವಂತಿಲ್ಲ.

ವೀಲ್ ಕೊಳ್ಳುವಾಗ ನಡುವಿನ ಲೋಹದ ರಿಂಗ್ ನೋಡುತ್ತೇನೆ. ಒಳ್ಳೆಯ ಕಂಪನಿಯ ವೀಲಿನಲ್ಲಿ ಅಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಬಳಸಲು ಕೊನೆಯ ದಿನ, ತಯಾರಾದ ಮೇಲೆ ಸಾಮಾನ್ಯವಾಗಿ 3 ವರ್ಷ. ಕಟಿಂಗ್ ವೀಲಿನ ಕಣಗಳನ್ನು ಹಿಡಿದಿಟ್ಟಿರುವುದು ರಾಳದಂಥ ಅಂಟು. ತೇವ ತಾಗಿದರೆ ಆ ಹಿಡಿತ ಸಡಿಲವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ವೀಲನ್ನು ಮೊಳೆಗೆ ನೇತುಹಾಕಿದರೆ ಹೇಗೆ? ನಾವು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮಟ್ಟಸವಾಗಿ ಮಲಗಿಸಿ ಇಡುತ್ತೇವೆ. ಕೆಳಗೆ ಬಿದ್ದ ವೀಲ್ ಕಣ್ಣಿಗೆ ಚೆನ್ನಾಗಿ ಕಂಡರೂ ಮುರಿದು ಎಸೆಯುತ್ತೇವೆ. ಸುಮ್ನೆ ಬದಿಗಿಟ್ಟರೆ ವೀಲ್ ಖಾಲಿಯಾದ ದಿನ ಯಾರೋ ಎತ್ತಿ ಹಾಕಿಬಿಡುತ್ತಾರೆ. ಹೊಸ ವೀಲ್ ಹಾಕಿದಾಗ ಅದರ ಸಾಲಿನಲ್ಲಿ ಯಾರೂ ನಿಲ್ಲದಂತೆ, ಗೋಡೆ ಕಡೆ ಮುಖ ಮಾಡಿ ಅರ್ಧ ನಿಮಿಷ ಬರಿದೇ ಓಡಿಸುತ್ತೇವೆ. ದೋಷವಿರುವ ವೀಲ್ ಬಹುಮಟ್ಟಿಗೆ ಆಗಲೇ ಅದುರಿ ತೋರಿಸಿಕೊಡುತ್ತದೆ.

ಒಂದು ಮಿಲಿಮೀಟರಿನ ಕಟಿಂಗ್ ವೀಲಿನ ಮಗ್ಗುಲಿನಿಂದ ವೆಲ್ಡಿಂಗ್ ಗಂಟು ಉಜ್ಜುವುದು ನಮ್ಮಲ್ಲಿ ಪೂರ್ತಿ ಬಂದ್. ಅದು ಅಂಚಿನಿಂದ ಕತ್ತರಿಸಲು ಮಾಡಿದ್ದು, ಪಕ್ಕದಿಂದ ಒತ್ತಿದರೆ ಬಗ್ಗಿ ಒಡೆಯುತ್ತದೆ. ವೀಲ್ ಬದಲಾಯಿಸುವುದು ಬೇಜಾರು ಅಂತಲೇ ಹಾಗೆ ಮಾಡುವುದು. ಅದಕ್ಕೆ ಎರಡು ಮಷೀನ್ ಇಟ್ಟೆವು. ಒಂದರಲ್ಲಿ ಯಾವಾಗಲೂ ಕಟಿಂಗ್ ವೀಲ್, ಇನ್ನೊಂದರಲ್ಲಿ ಉಜ್ಜಲು ಮರಳು ಕಾಗದದಂಥ ಪಟ್ಟಿಗಳಿರುವ ಫ್ಲಾಪ್ ಡಿಸ್ಕ್. ಖರ್ಚು ಅನ್ನಿಸಬಹುದು. ಆದರೆ ಒಂದು ಗೇಟಿಗೆ ಎಷ್ಟು ಸಲ ವೀಲ್ ಬಿಚ್ಚಿ ಹಾಕುತ್ತಿದ್ದೆವು ಎಂದು ನೆನೆದರೆ ಆ ದುಡ್ಡು ಸಮಯದಲ್ಲೇ ವಾಪಸ್ ಬಂದಿದೆ.

ವೀಲ್ ಬದಲಿಸುವಾಗ ಪ್ಲಗ್ ಕಿತ್ತಿರಬೇಕು ಎನ್ನುವುದು ಎಲ್ಲರಿಗೂ ಗೊತ್ತು, ಮಾಡುವವರು ಕಡಿಮೆ. ನಾವು ಗ್ರೈಂಡರಿನ ಸ್ಪ್ಯಾನರನ್ನು ವೈರಿನ ಪ್ಲಗ್ ತುದಿಗೇ ಗಿಡ್ಡ ದಾರದಲ್ಲಿ ಕಟ್ಟಿದೆವು. ಪ್ಲಗ್ ಕೀಳದೆ ಸ್ಪ್ಯಾನರ್ ವೀಲಿನವರೆಗೆ ಬರುವುದೇ ಇಲ್ಲ. ಸ್ಪ್ಯಾನರ್ ಕಳೆದುಹೋಗುವ ಗೋಳೂ ತಪ್ಪಿತು. ನಾವು ಮಾಡಿದ ಬದಲಾವಣೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದು. ಒಂದು ತುಂಡು ದಾರಕ್ಕೆ ಎಷ್ಟು ಮಹಾ ಖರ್ಚು?

ಸ್ವಿಚ್ ವಿಷಯದಲ್ಲಿ ಸ್ವಲ್ಪ ಜಗಳವಾಯಿತು. ತಳ್ಳಿದರೆ ಹಾಗೇ ನಿಲ್ಲುವ ಸ್ವಿಚ್ ಹುಡುಗರಿಗೆ ಆರಾಮ. ಆದರೆ ವೀಲ್ ಸಿಕ್ಕಿಕೊಂಡು ಮಷೀನ್ ಕೈಯಿಂದ ಎಗರಿದರೆ ಅದು ತಿರುಗುತ್ತಲೇ ಬೀಳುತ್ತದೆ. ಹಿಡಿಯ ಕೆಳಗೆ ಉದ್ದಕ್ಕಿರುವ ಪ್ಯಾಡಲ್ ಸ್ವಿಚ್ ಬಿಟ್ಟ ಕೂಡಲೇ ಆಫ್ ಆಗುತ್ತದೆ. ಕೈ ನೋಯುತ್ತದೆ ಅಂತ ಕೆಲವು ದಿನ ಗೊಣಗಿದರು, ಆಮೇಲೆ ರೂಢಿಯಾಯಿತು. ಮಷೀನ್ ಎಗರುವುದಕ್ಕೆ ಮುಖ್ಯ ಕಾರಣ ಪೈಪ್ ಮಧ್ಯದಲ್ಲಿ ಕುಸಿದು ವೀಲನ್ನು ಕಚ್ಚಿ ಹಿಡಿಯುವುದು. ಸ್ಕ್ವೇರ್ ಪೈಪಿನ ಎರಡು ತುದಿಗೂ ಆಧಾರ ಕೊಟ್ಟು ನಡುವೆ ಕತ್ತರಿಸಿದರೆ ಹಾಗೇ ಆಗುತ್ತದೆ. ಕತ್ತರಿಸುವ ಜಾಗದ ಒಂದು ಪಕ್ಕವನ್ನು ಬಿಗಿಯಾಗಿ ಕ್ಲಾಂಪ್ ಮಾಡಿ ಇನ್ನೊಂದು ಪಕ್ಕ ಹೊರಗೆ ಚಾಚಿರಲಿ. ಆಗ ಸೀಳು ತಾನೇ ಬಾಯಿ ಬಿಡುತ್ತಾ ಹೋಗುತ್ತದೆ. ಕಾಲಲ್ಲಿ ಮೆಟ್ಟಿ ಹಿಡಿದು ಕತ್ತರಿಸುವ ಅಭ್ಯಾಸ ಬಿಡಿಸಲು ಬೆಂಚಿಗೆ ಎರಡು ಸಿ-ಕ್ಲಾಂಪನ್ನು ಕಾಯಂ ಆಗಿ ಸರಪಳಿಯಲ್ಲಿ ಕಟ್ಟಿದ್ದೇವೆ.

ಕನ್ನಡಕಕ್ಕೆ ಬರೋಣ. ಒಂದೇ ಕನ್ನಡಕವನ್ನು ನಾಲ್ಕು ಜನ ಹಂಚಿಕೊಂಡರೆ ಯಾರೂ ಹಾಕುವುದಿಲ್ಲ. ಬೇರೆಯವರ ಬೆವರು, ಗೀಚಿದ ಗಾಜು, ಒಳಗೆ ಮಂಜು. ಒಬ್ಬೊಬ್ಬನಿಗೂ ಅವನದೇ ಒಂದು, ಕನ್ನಡಕದ ಕಡ್ಡಿಯ ಮೇಲೆ ಪೇಂಟಿನಲ್ಲಿ ಹೆಸರು. ನೇತುಹಾಕುವುದು ಗ್ರೈಂಡರ್ ಇಡುವ ಕೊಕ್ಕೆಯಲ್ಲೇ. ಮಷೀನ್ ತೆಗೆಯಬೇಕಾದರೆ ಕನ್ನಡಕ ಮೊದಲು ಕೈಗೆ ಬರುತ್ತದೆ. ಕೊಳ್ಳುವಾಗ ಐಎಸ್ 5983 ಗುರುತು ನೋಡಿ, ಅದು ಕಣ್ಣಿನ ರಕ್ಷಣೆಯ ಸಾಮಾನಿಗಿರುವ ಭಾರತೀಯ ಮಾನಕ. ಬಿಸಿಲಿಗೆ ಹಾಕುವ ಕೂಲಿಂಗ್ ಗ್ಲಾಸ್ ಇದಕ್ಕೆ ಆಗದು. ಕಟಿಂಗ್ ಮಾಡುವವನಿಗೆ ಕನ್ನಡಕದ ಮೇಲೆ ಮುಖ ಮುಚ್ಚುವ ಶೀಲ್ಡ್ ಕೂಡ ಕೊಟ್ಟಿದ್ದೇನೆ. ಪಕ್ಕದಲ್ಲಿ ಪೈಪ್ ಹಿಡಿದುಕೊಂಡ ಹೆಲ್ಪರ್ ಹುಡುಗನನ್ನು ಎಲ್ಲರೂ ಮರೆಯುತ್ತಾರೆ. ಕಿಡಿ ಜಾಸ್ತಿ ಹಾರುವುದು ಅವನ ಕಡೆಗೇ. ಅವನಿಗೂ ಕನ್ನಡಕ ಬೇಕೇ ಬೇಕು.

ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದರೆ ಕರ್ಚೀಫಿನ ತುದಿ ಹೊಸೆದು, ಬೆಂಕಿಕಡ್ಡಿಯಿಂದ ತೆಗೆಯುವ 'ಎಕ್ಸ್‌ಪರ್ಟ್'ಗಳು ಪ್ರತಿ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಬೇಡ. ಕಣ್ಣಿನ ಕರಿಗುಡ್ಡೆಯ ಮೇಲೆ ಕೂತ ಕಬ್ಬಿಣ ಬೇಗನೆ ತುಕ್ಕು ಹಿಡಿದು ಸುತ್ತ ಉಂಗುರ ಮೂಡಿಸುತ್ತದೆ. ಅದನ್ನು ಕಣ್ಣಿನ ಡಾಕ್ಟರೇ ತೆಗೆಯಬೇಕು. ಉಜ್ಜದೆ ಶುದ್ಧ ನೀರಿನಲ್ಲಿ ತೊಳೆದು, ಹೋಗದಿದ್ದರೆ ಅವತ್ತೇ ಕರೆದುಕೊಂಡು ಹೋಗುತ್ತೇವೆ. ಅವತ್ತಿನ ಕೂಲಿ ಹಿಡಿಯುವುದಿಲ್ಲ ಅಂತ ಮೊದಲೇ ಹೇಳಿದ್ದೇನೆ. ಕೂಲಿ ಹೋಗುತ್ತದೆಂಬ ಹೆದರಿಕೆ ಇದ್ದರೆ ಹುಡುಗ ನೋವನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ವೆಲ್ಡಿಂಗ್ ಬೆಳಕು ತಾಗಿದ ಕಣ್ಣು ಬೇರೆ ಥರ. ಆಗಲೇ ಗೊತ್ತಾಗುವುದಿಲ್ಲ. ಕೆಲವು ಗಂಟೆ ಬಿಟ್ಟು, ರಾತ್ರಿ ಮಲಗಿದಾಗ ಮರಳು ತುಂಬಿದಂತೆ ಉರಿಯುತ್ತದೆ. ಆಲೂಗಡ್ಡೆ ಹೋಳು ಇಡು, ಎದೆಹಾಲು ಬಿಡು ಎಂದು ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೂ ಗಾಯವಾದ ಕಣ್ಣಿಗೆ ಅಂಥದ್ದೇನೂ ಹಾಕಬಾರದು. ತಣ್ಣನೆಯ ಒದ್ದೆ ಬಟ್ಟೆ ಮೇಲಿಟ್ಟು ಕತ್ತಲಲ್ಲಿ ಮಲಗಿ, ಬೆಳಿಗ್ಗೆ ಡಾಕ್ಟರಿಗೆ ತೋರಿಸಬೇಕು.

ಬಟ್ಟೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕುತ್ತಿಗೆಗೆ ಟವೆಲ್ ಬೇಡ, ಲುಂಗಿ ಬೇಡ, ಚಪ್ಪಲಿ ಬೇಡ. ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುವ ಪಾಲಿಯೆಸ್ಟರ್ ಶರ್ಟಿಗಿಂತ ಹಳೆಯ ಕಾಟನ್ ಶರ್ಟ್ ಮೇಲು. ಗ್ರೈಂಡರಿಗೆ ಕೈಗೆ ಸರಿಯಾಗಿ ಕೂರುವ ಚರ್ಮದ ಗ್ಲೌಸ್ ಹಾಕುತ್ತೇವೆ. ಡ್ರಿಲ್ಲಿಂಗ್ ಮಷೀನ್ ಮುಂದೆ ಮಾತ್ರ ಗ್ಲೌಸ್ ತೆಗೆದಿಡಲೇಬೇಕು. ತಿರುಗುವ ಬಿಟ್ ಗ್ಲೌಸಿನ ಒಂದು ಎಳೆ ಹಿಡಿದರೂ ಬೆರಳನ್ನು ಸುತ್ತಿಕೊಂಡುಬಿಡುತ್ತದೆ.

ಮಳೆಗಾಲದಲ್ಲಿ ಸೈಟ್ ಕೆಲಸಕ್ಕೆ ಹೋಗುವಾಗ ನನಗೆ ವೀಲಿಗಿಂತ ಕರೆಂಟಿನದೇ ಯೋಚನೆ. ತೋಟದ ಮನೆಗಳಲ್ಲಿ ಅರ್ಥಿಂಗ್ ಎಷ್ಟೋ ಕಡೆ ಹೆಸರಿಗೆ ಮಾತ್ರ ಇರುತ್ತದೆ. ಎಂಸಿಬಿ ಇದೆಯಲ್ಲ ಅಂತ ಮನೆಯವರು ಹೇಳುತ್ತಾರೆ. ಎಂಸಿಬಿ ಅಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್, ಅದು ಉಳಿಸುವುದು ವೈರನ್ನು, ಮನುಷ್ಯನನ್ನಲ್ಲ. ಮೈಮೂಲಕ ನೆಲಕ್ಕೆ ಕರೆಂಟ್ ಸೋರಿದಾಗ ಅದನ್ನು ಕಡಿಯುವ ಸ್ವಿಚ್ ಆರ್‌ಸಿಸಿಬಿ. ನಾವು ನಮ್ಮದೇ ಒಂದು ಬೋರ್ಡ್ ಮಾಡಿಕೊಂಡಿದ್ದೇವೆ. ಪ್ಲಾಸ್ಟಿಕ್ ಡಬ್ಬ, ಅದರಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಎರಡು ಸಾಕೆಟ್. ಗ್ರೈಂಡರ್, ಡ್ರಿಲ್ ಎರಡೂ ಅದರಿಂದಲೇ. ಕೆಲಸ ಶುರುವಿಗೆ ಮೊದಲು ಟೆಸ್ಟ್ ಬಟನ್ ಒತ್ತಿ ಅದು ಆಫ್ ಆಗುತ್ತದೆಯೇ ನೋಡುತ್ತೇವೆ. ಆದರೆ ವೆಲ್ಡಿಂಗ್ ರಾಡ್ ಸಿಕ್ಕಿಸಿ ಹಿಡಿಯುವ ಹೋಲ್ಡರಿನ ಕಡೆಗೆ ಇದರ ರಕ್ಷಣೆ ಸಿಗುವುದಿಲ್ಲ. ರಾಡ್ ತಾಗದೇ ಇರುವಾಗ ಹೋಲ್ಡರಿನಲ್ಲಿ ಸುಮಾರು 60ರಿಂದ 80 ವೋಲ್ಟ್ ಇರುತ್ತದೆ. ಒಣಗಿದ ಕೈಗೆ ಅದು ಗೊತ್ತಾಗದಿರಬಹುದು. ಒದ್ದೆ ಬಟ್ಟೆಯಲ್ಲಿ, ಕಬ್ಬಿಣದ ಮೇಲೆ ಕೂತವನಿಗೆ ಅಷ್ಟೇ ಜೀವ ತೆಗೆಯಬಹುದು. ಕಾಲ ಕೆಳಗೆ ಒಣ ಹಲಗೆ, ಕೈಯಲ್ಲಿ ಒಣ ಗ್ಲೌಸ್. ಮಳೆ ಜೋರಾದರೆ ಕೆಲಸ ನಿಲ್ಲಿಸುತ್ತೇವೆ, ಮನೆಯವರು ಏನೇ ಅನ್ನಲಿ.

ಇನ್ನೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಅದು ಖಾಲಿ ಡ್ರಮ್. ನೀರು ಕಾಯಿಸುವ ಒಲೆ ಮಾಡಲು, ದನಕ್ಕೆ ನೀರಿನ ತೊಟ್ಟಿ ಮಾಡಲು ಜನ ಹಳೆಯ ಡೀಸೆಲ್, ಆಯಿಲ್, ಥಿನ್ನರ್ ಡ್ರಮ್ ತರುತ್ತಾರೆ. "ಖಾಲಿ ಇದೆ, ಮಧ್ಯಕ್ಕೆ ಕತ್ತರಿಸಿ ಕೊಡಿ ಅಷ್ಟೆ" ಅಂತಾರೆ. ಖಾಲಿ ಅನ್ನುವುದೇ ಅಪಾಯ. ತಳದಲ್ಲಿ ಉಳಿದ ಒಂದು ಹನಿ, ಮಡಿಕೆಯಲ್ಲಿ ಸೇರಿದ ಜಿಡ್ಡು ಬಿಸಿಯಾಗಿ ಆವಿಯಾಗುತ್ತದೆ. ಒಳಗಿನ ಗಾಳಿ ಜೊತೆ ಬೆರೆಯುತ್ತದೆ. ಗ್ರೈಂಡರಿನ ಮೊದಲ ಕಿಡಿಗೇ ಡ್ರಮ್ ಸಿಡಿಯಬಹುದು, ಮುಚ್ಚಳ ಹಾರಿ ಎದುರಿಗಿದ್ದವನಿಗೆ ಹೊಡೆಯಬಹುದು. ತುಂಬಿದ ಡ್ರಮ್ಮಿನೊಳಗೆ ಗಾಳಿಗೆ ಜಾಗ ಕಡಿಮೆ. ಖಾಲಿಯಲ್ಲಿ ಆವಿ, ಗಾಳಿ ಎರಡಕ್ಕೂ ಬೇಕಾದಷ್ಟು ಜಾಗವಿದೆ. ತೊಳೆದಿದ್ದೇವೆ ಅಂದರೂ, ನೀರು ತುಂಬಿ ಕತ್ತರಿಸಿ ಅಂದರೂ ನಾವು ಒಪ್ಪುವುದಿಲ್ಲ. ಹೊಸ ಶೀಟಿನಲ್ಲಿ ಮಾಡಿ ಕೊಡುತ್ತೇವೆ ಅನ್ನುತ್ತೇವೆ. ಕೆಲವರು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗುವಾಗ ಆ ಅಂಗಡಿಯ ಹುಡುಗರಿಗೂ ಇದೇ ಮಾತು ಹೇಳಿ ಅಂತ ಕೇಳಿಕೊಳ್ಳುತ್ತೇನೆ.

ಸತುವಿನ ಲೇಪವಿರುವ ಜಿಐ ಪೈಪ್ ವೆಲ್ಡಿಂಗ್ ಮಾಡಿದ ಸಂಜೆ ಚಳಿ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬಂದರೆ ಅದು ಸತುವಿನ ಹೊಗೆಯಿಂದ. ಹಾಲು ಕುಡಿ, ಬೆಲ್ಲ ತಿನ್ನು ಅನ್ನುವವರಿದ್ದಾರೆ, ಆದರೆ ಅವು ಆ ಹೊಗೆಯನ್ನು ಹೊರಗೆ ತೆಗೆಯುವುದಿಲ್ಲ. ಜೋಡಿಸುವ ಜಾಗದ ಸತುವಿನ ಲೇಪವನ್ನು ಮೊದಲೇ ಉಜ್ಜಿ ತೆಗೆದು, ಗಾಳಿ ಬೆನ್ನ ಕಡೆಯಿಂದಲ್ಲದೆ ಪಕ್ಕದಿಂದ ಬರುವಂತೆ ಫ್ಯಾನ್ ಇಟ್ಟು ಕೆಲಸ ಮಾಡುತ್ತೇವೆ.

ದುಡ್ಡಿನ ಮಾತು. ನಮ್ಮಂಥ ಅಂಗಡಿಯಲ್ಲಿ ಹತ್ತು ಜನ ಇರುವುದಿಲ್ಲ, ಹಾಗಾಗಿ ಸಾಮಾನ್ಯವಾಗಿ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇರುವುದಿಲ್ಲ. ಎಲ್ಲ ಹುಡುಗರ ಬ್ಯಾಂಕ್ ಖಾತೆಯಿಂದಲೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಒಂದು ಕಣ್ಣು ಪೂರ್ತಿ ಹೋದರೆ, ಇಲ್ಲವೇ ಒಂದು ಕೈ ಹೋದರೆ 1 ಲಕ್ಷ. ಕಣ್ಣಿಗೆ ಅದು ಬೆಲೆಯಲ್ಲ ಎಂದು ಗೊತ್ತು, ಆದರೂ ಇಲ್ಲದೇ ಇರುವುದು ಅನ್ಯಾಯ. ಜೂನ್ 1ರಿಂದ ಅದರ ವರ್ಷ ಶುರು. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ, ಆಗ ಒಂದು ಸಲ ಎಲ್ಲರ ಖಾತೆಯನ್ನೂ ನೋಡುತ್ತೇನೆ. ವೀಲು, ಗ್ಲೌಸು, ಕನ್ನಡಕದ ಖರ್ಚನ್ನು ಕೊಟೇಶನ್ನಿನಲ್ಲಿ ಕೆಜಿ ದರದೊಳಗೇ ಸೇರಿಸುತ್ತೇನೆ.

ಇನ್ನೂ ಬಗೆಹರಿಯದೇ ಇರುವುದು ಸದ್ದು. ಗ್ರೈಂಡರ್ ಪಕ್ಕ ನಿಂತರೆ ಕೂಗಿದರೂ ಕೇಳುವುದಿಲ್ಲ, ಅಷ್ಟು ಸದ್ದನ್ನು ವರ್ಷಗಟ್ಟಲೆ ಕೇಳಿದ ಕಿವಿ ವಾಪಸ್ ಬರುವುದಿಲ್ಲ. ಇಯರ್ ಮಫ್ ತಂದುಕೊಟ್ಟೆ. ಸೆಖೆ, ಜೊತೆಗೆ ಇನ್ನೊಬ್ಬ ಕರೆದದ್ದು ಕೇಳುವುದಿಲ್ಲ ಅಂತ ಹುಡುಗರು ಹಾಕುತ್ತಿಲ್ಲ. ಅವರ ದೂರು ನ್ಯಾಯವಾದದ್ದೇ. ಈಗ ದಾರವಿರುವ ಫೋಮ್ ಪ್ಲಗ್ ಕೊಟ್ಟು ನೋಡುತ್ತಿದ್ದೇವೆ. ಕುತ್ತಿಗೆಯಲ್ಲಿ ಸಡಿಲ ದಾರ ನೇತಾಡುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೆ ದಾರವನ್ನು ಶರ್ಟಿನ ಬೆನ್ನ ಕಡೆ ಕ್ಲಿಪ್ಪಿನಿಂದ ಸಿಕ್ಕಿಸುತ್ತೇವೆ. ಕರೆಯಬೇಕಾದರೆ ಕೂಗುವ ಬದಲು ಬೆಂಚಿನ ಮೇಲಿನ ಬಲ್ಬ್ ಆರಿಸಿ ಹೊತ್ತಿಸುವುದು ಎಂದು ಮಾತಾಡಿಕೊಂಡಿದ್ದೇವೆ.