ಪಿಟೀಲು ಕ್ಲಾಸಿಗೆ ಎವೆ ಜನರ ಗಂಟೆ ಬಂದಿದ್ದು: ನನ್ನ ಅನುಭವ

ದಕ್ಷಿಣ ಲಂಡನ್ನಿನ ಪ್ರೈಮರಿ ಶಾಲೆಯಲ್ಲಿ ಪಿಟೀಲು ಕಲಿಸುತ್ತೇನೆ. ಮಕ್ಕಳಲ್ಲಿ ಅರ್ಧದಷ್ಟು ಘಾನಾ, ನೈಜೀರಿಯಾ ಮೂಲದವರು. ಘಾನಾ, ಟೋಗೊ ಕಡೆಯ ಎವೆ ಜನರ ಅಗ್ಬಾಜಾ ಅನ್ನುವ ಕುಣಿತದ ತಾಳವನ್ನು ಪಿಟೀಲಿನ ಜೊತೆಗೇ ಕಲಿಸುತ್ತೇನೆ ಅಂದಾಗ, ಶಾಲೆಯ ಬೇರೆ ಟೀಚರ್‌ಗಳು ಎರಡೂ ಕೆಡುತ್ತದೆ ಅಂದಿದ್ದರು. ಈಗ ಅದೇ ಟೀಚರ್‌ಗಳು ಬಂದು ಕೂತು ನೋಡಿಕೊಂಡು ಹೋಗುತ್ತಾರೆ.

ಶಾಲೆಯವರು ಮೊದಲೇ ಹತ್ತು ಹನ್ನೆರಡು ಜೆಂಬೆ (ಕೈಯಿಂದ ಬಾರಿಸುವ ಡೋಲು) ತರಿಸಿದ್ದರು, ಒಂದಕ್ಕೆ ನೂರು ಪೌಂಡ್ ಆಸುಪಾಸು. ವರ್ಷದ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಜೆಂಬೆ ಶುರುವಾದರೆ ಅರ್ಧ ಸೈಜಿನ ಪಿಟೀಲು ಕೇಳಿಸುವುದೇ ಇಲ್ಲ. ಜೆಂಬೆ ಎವೆ ಜನರದ್ದಲ್ಲ, ಮಾಲಿ, ಗಿನಿ ಕಡೆಯ ವಾದ್ಯ ಬೇರೆ. ತಾಳವನ್ನು ಪಾಶ್ಚಾತ್ಯ ಲಿಪಿಯ 12/8ರಲ್ಲಿ (ಒಂದು ಸುತ್ತಿಗೆ 12 ಮಾತ್ರೆ) ಬರೆದುಕೊಟ್ಟು ನೋಡಿದೆ. ಬಾರ್, ಅಂದರೆ ಒಂದೊಂದು ಸುತ್ತು, ಶುರುವಾದ ಕಡೆಯೆಲ್ಲ ಮಕ್ಕಳು ಕಮಾನು ಒತ್ತುತ್ತಿದ್ದರು, ತಾಳ ಕುಂಟುತ್ತಿತ್ತು.

ಕೆಲಸ ಆಗಿದ್ದು ಗಾಂಕೋಗುಯಿಯಿಂದ. ಕಬ್ಬಿಣದ ಜೋಡಿ ಗಂಟೆ, ಇಪ್ಪತ್ತೈದೋ ಮೂವತ್ತೋ ಪೌಂಡ್. 12 ಮಾತ್ರೆಗೆ 7 ಪೆಟ್ಟು: 1, 3, 5, 6, 8, 10, 12. ಅಂತರ 2-2-1-2-2-2-1. ಪಾಶ್ಚಾತ್ಯ ಮೇಜರ್ ಸ್ಕೇಲಿನ ಸ್ವರಗಳ ಅಂತರವೂ (ಅರ್ಧ ಸ್ವರಕ್ಕೆ 1ರ ಲೆಕ್ಕದಲ್ಲಿ) ಇದೇ ಅಲ್ವಾ? ನಮ್ಮ ಶಂಕರಾಭರಣ ರಾಗದ್ದೂ ಇದೇ. ಮಕ್ಕಳಿಗೆ ಡಿ ಮೇಜರ್ (ಡಿ ಸ್ವರದಿಂದ ಶುರುವಾಗುವ ಮೇಜರ್ ಸ್ಕೇಲ್) ಹಿಡಿಸಿ, ಅವರಿಂದ ಒಂದು ಪೆಟ್ಟಿಗೆ ಒಂದು ಸ್ವರ ನುಡಿಸಿದೆ. ಡಿ ತಂತಿಯಲ್ಲಿ ಎರಡನೇ, ಮೂರನೇ ಬೆರಳು ಅಂಟಿಕೊಳ್ಳುವ ಕಡೆಯೇ ಗಂಟೆಯ ಪೆಟ್ಟೂ ಹತ್ತಿರ ಬರುತ್ತದೆ. ಎ ತಂತಿಯಲ್ಲಿ ಸಿ ಶಾರ್ಪಿನಿಂದ ಡಿಗೆ ಹೋದರೆ ಸುತ್ತು ಮತ್ತೆ ಒಂದಕ್ಕೆ. ಮಕ್ಕಳು ಎಣಿಸುವುದನ್ನೇ ಬಿಟ್ಟರು. ಬೆರಳಿಗೇ ತಾಳ ಗೊತ್ತಾಯಿತು. ಇದನ್ನು ಇಷ್ಟು ಚಿಕ್ಕ ಮಕ್ಕಳಿಂದ ನುಡಿಸಿದವರನ್ನು ನಾನಂತೂ ಇಲ್ಲಿ ಕಂಡಿಲ್ಲ.

ಕಾಲಿಗೆ ನಾಲ್ಕು ಹೆಜ್ಜೆ: 1, 4, 7, 10. ಗಂಟೆ ಜೊತೆ ಕೂಡುವುದು 1 ಮತ್ತು 10ರಲ್ಲಿ ಮಾತ್ರ. ಸುಮ್ನೆ ನೋಡೋಣ ಅಂತ 'ತಕಿಟ ತಕಿಟ' ಹೇಳಿಸಿದೆ. ಹೆಜ್ಜೆ ಗಟ್ಟಿಯಾಯಿತು, ಗಂಟೆಯವರು ತಪ್ಪಿದರು. ಬಿಟ್ಟೆ. 7ರಲ್ಲಿ ಹೆಜ್ಜೆ ಇದೆ, ಪೆಟ್ಟಿಲ್ಲ. ಎಲ್ಲರೂ ಎಡವುವುದು ಅಲ್ಲೇ. ಅದನ್ನು ದಾಟಿಸುವ ಉಪಾಯ ಸದ್ಯಕ್ಕೆ ನನ್ನಲ್ಲೇ ಇರಲಿ.

ಇನ್ನು ಹಾಡು. ಎವೆ ಭಾಷೆಯಲ್ಲಿ ದನಿ ಏರಿಳಿದರೆ ಅರ್ಥವೇ ಬದಲಾಗುತ್ತದೆ. ಘಾನಾದ ಸಂಗೀತ ರಚನೆಕಾರ ಎಫ್ರೈಮ್ ಅಮು (1899–1995) ಯುರೋಪಿನ ನಾಲ್ಕು ದನಿಯ ಕೋರಸ್ ಶೈಲಿಯಲ್ಲಿ ಬರೆದರೂ ಮಾತಿನ ಏರಿಳಿತ ಕೆಡಿಸಲಿಲ್ಲ. ನಾನೂ ಮೊದಲು ಮಕ್ಕಳ ಅಮ್ಮಂದಿರಿಂದ ಸಾಲನ್ನು ಹೇಳಿಸಿಕೊಳ್ಳುತ್ತೇನೆ, ಆಮೇಲೇ ಪಿಟೀಲಿಗೆ ಸ್ವರ. ಒಬ್ಬ ತಾಯಿ ನನ್ನ ಎರಡು ಸ್ವರ ಕೆಳಗಿಳಿಸಿದರು. ಆ ಸಾಲು ಈಗ ಎಷ್ಟು ಚೆನ್ನಾಗಿದೆ!

ಅರ್ಧ ಜೆಂಬೆ ಮಾರಿದ್ದೇವೆ, ಕೊಂಡ ಬೆಲೆಯ ಅರ್ಧ ಬಂತು. ಆ ದುಡ್ಡಿನಲ್ಲಿ ಕಿಡಿ, ಸೊಗೊ ಅನ್ನುವ ಎವೆ ಡೋಲು ಒಂದೊಂದು ಹುಡುಕುತ್ತಿದ್ದೇನೆ.