ಮುಂಬೈ ಫುಡ್ ಕೋರ್ಟಿನಲ್ಲಿ ಮನೆಮಂದಿ ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕಾದರೆ

ಊರಿಂದ ಅಪ್ಪ ಅಮ್ಮ ಬಂದರೆ ಕುರ್ಲಾ, ಮಲಾಡ್ ಕಡೆಯ ಯಾವುದಾದರೂ ಮಾಲ್‌ಗೆ ಕರೆದುಕೊಂಡು ಹೋಗುತ್ತೇವೆ, ಅಲ್ವಾ? ಸುತ್ತಾಡಿ ಹಸಿದು ಫುಡ್ ಕೋರ್ಟಿಗೆ ಬಂದ ಮೇಲೆ ಶುರು ಫಜೀತಿ. ಮಕ್ಕಳ ನೂಡಲ್ಸ್ ತಟ್ಟೆ ಆಗಲೇ ಖಾಲಿ, ಅಮ್ಮನ ದೋಸೆ ಇನ್ನೂ ಕಾವಲಿ ಮೇಲೆ. ಹಿರಿಯರು ಸುಮ್ನೆ ಎಲ್ಲರ ಬಾಯಿ ನೋಡುತ್ತಾ ಕೂತಿರುವುದು ನನಗಂತೂ ಸಹಿಸಲು ಆಗುವುದಿಲ್ಲ.

ಶನಿವಾರ, ಭಾನುವಾರ 12 ಗಂಟೆ ಸುಮಾರಿಗೇ ಹೋಗಿಬಿಡಿ. ಮಧ್ಯಾಹ್ನ 1 ದಾಟಿದರೆ ಕುರ್ಚಿಗೇ ಕಾಯಬೇಕು. ಕೈ ತೊಳೆಯುವ ಜಾಗಕ್ಕೆ ಹತ್ತಿರದ ಟೇಬಲ್ ಹಿಡಿದು ಹಿರಿಯರನ್ನು ಕೂರಿಸಿ. ಆಮೇಲೆ ನೀವೊಬ್ಬರೇ ಎಲ್ಲ ಕೌಂಟರ್ ಒಮ್ಮೆ ಸುತ್ತಿ ಬನ್ನಿ, ಆರ್ಡರ್ ಮಾಡಬೇಡಿ, ಯಾವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಮಾತ್ರ ಕೇಳಿ. ಜಾಸ್ತಿ ಹೊತ್ತು ಹಿಡಿಯುವುದನ್ನು ಮೊದಲು ಹೇಳಬೇಕು, ಇಡೀ ಗುಟ್ಟು ಇಷ್ಟೇ: ಪಿಜ್ಜಾ, ತಂದೂರಿ ರೊಟ್ಟಿ, ದೋಸೆ ಹೇಳಿ ಟೋಕನ್ ತೆಗೆದುಕೊಂಡ ಮೇಲೆ, ಮಾಡಿಟ್ಟಿರುವ ಬಿರಿಯಾನಿ, ಥಾಲಿ ಕಡೆಗೆ ಹೋಗಿ.

ಕೆಲವು ಕಡೆ ಮೊದಲೇ ದುಡ್ಡು ತುಂಬಿಸಿದ ಕಾರ್ಡ್ ಬೇಕು. ಉಳಿದ ಹಣ ಎಲ್ಲಿ, ಹೇಗೆ ವಾಪಸ್ ಸಿಗುತ್ತದೆ ಅಂತ ಕೇಳಿಕೊಂಡೇ ತುಂಬಿಸಿ. ಯುಪಿಐ ನಡೆಯುವುದಾದರೆ ಕಾರ್ಡಿನ ಗೊಡವೆಯೇ ಬೇಡ.

ಈರುಳ್ಳಿ ಬೆಳ್ಳುಳ್ಳಿ ತಿನ್ನದವರಿದ್ದರೆ ಮುಂಬೈಯಲ್ಲಿ ಒಂದು ಅನುಕೂಲ ಇದೆ. 'ಜೈನ್' ಅಂದರೆ ಸಾಕು, ಯಾವ ಚಾಟ್ ಅಂಗಡಿಯವರಿಗೂ ಅರ್ಥವಾಗುತ್ತದೆ. ಆದರೆ ಆಲೂಗಡ್ಡೆಯಂಥ ಗೆಡ್ಡೆಗಳೂ ಅದರಲ್ಲಿ ಇರುವುದಿಲ್ಲ, ಜೈನ್ ಪಾವ್ ಭಾಜಿಗೆ ಸಾಮಾನ್ಯವಾಗಿ ಬಾಳೆಕಾಯಿ ಹಾಕುತ್ತಾರೆ, ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವವರಿಗಾಗಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಕರಿಯುವ ಎಣ್ಣೆ ಬೇರೆಯೋ, ಚಿಕನ್ ಕರಿದದ್ದೇನೋ? ಕೇಳಲು ಸಂಕೋಚ ಬೇಡ. ಇಡ್ಲಿ ದೋಸೆ ಕೌಂಟರಿನಲ್ಲಿ ಒಮ್ಮೆ ಕನ್ನಡದಲ್ಲೋ ತುಳುವಿನಲ್ಲೋ ಮಾತಾಡಿಸಿ ನೋಡಿ. ಉಡುಪಿ, ಮಂಗಳೂರು ಕಡೆಯವರು ಸಿಕ್ಕರೆ ಅಜ್ಜಿಗೆ ಖಾರ ಕಡಿಮೆ ಮಾಡಿ, ಕುಡಿಯಲು ಬಿಸಿನೀರು ಕೊಡಿ ಅಂತ ನಮ್ಮ ಮಾತಿನಲ್ಲೇ ಕೇಳಬಹುದು.

ಬಿಲ್ ಬಿಸಾಡಬೇಡಿ. ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ) ನಂಬರ್ ಇರಬೇಕು ಅಂತ 2022ರಿಂದ ನಿಯಮ ಇದೆ. ತಿಂದದ್ದರಲ್ಲಿ ಏನಾದರೂ ಕೆಟ್ಟಿದ್ದರೆ ದೂರು ಕೊಡಲು ಅದೇ ಆಧಾರ.

ಜುಹು ಚೌಪಾಟಿ ಬೀಚಿನ ಅಂಗಡಿ ಸಾಲಿಗೆ ಬೇರೆ ಲೆಕ್ಕ. ಅಲ್ಲಿ ಅಕ್ಕಪಕ್ಕದ ಅಂಗಡಿಗಳಲ್ಲಿ ಹೆಚ್ಚುಕಡಿಮೆ ಅದೇ ಪಾವ್ ಭಾಜಿ, ಭೇಲ್, ಐಸ್ ಗೋಲಾ, ಎಲ್ಲರೂ ತಮ್ಮ ಕಡೆಗೇ ಕರೆಯುತ್ತಾರೆ. ಗಡಿಬಿಡಿ ಮಾಡದೆ ಮೊದಲು ರೇಟ್ ಕೇಳಿ, ಒಂದೇ ಅಂಗಡಿ ಆರಿಸಿ, ಅವರ ಜಾಗದಲ್ಲೇ ಕೂರಿ. ಪಾನಿಪೂರಿ ಮುಗಿದ ಮೇಲೆ ಸೂಖಾ ಪೂರಿ (ನೀರು ಹಾಕದ ಒಣ ಪೂರಿ) ಕೇಳಲು ಮರೆಯಬೇಡಿ, ಸಾಮಾನ್ಯವಾಗಿ ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.